ಗಿರಿಯಿಂದ ಬಯಲಿಗೆ: ಬಿಳಿಗಿರಿ–ಯಳಂದೂರು ಆರೋಗ್ಯಸೇವೆಯ ಇತಿಹಾಸ

ಪೂರ್ವ ಹಾಗೂ ಪಶ್ಚಿಮ ಘಟ್ಟಗಳು ಪರಸ್ಪರ ಸಮೀಪಿಸುವ ಎಡೆಯಲ್ಲಿ, ಇಂದಿನ ಚಾಮರಾಜನಗರ ಜಿಲ್ಲೆಯಲ್ಲಿ, ಬಿಳಿಗಿರಿರಂಗನ ಬೆಟ್ಟವಿದೆ. ಈ ಕಾಡಿನ ಮೂಲನಿವಾಸಿಗಳು ಸೋಲಿಗರು. ಬೆಟ್ಟದ ರಂಗನಾಥನನ್ನು ಅಕ್ಕರೆಯಿಂದ ಭಾವನೆಂದು ಕರೆಯುವ, ದೊಡ್ಡ ಸಂಪಿಗೆಯ ಮರವನ್ನು ದೈವವೆಂದು ಪೂಜಿಸುವ ಈ ಜನರು ಮಲೆಯ ಮಹದೇಶ್ವರನ ಕಥೆಯಲ್ಲಿಯೂ ಬರುತ್ತಾರೆ. ಹಾಡಿನಲ್ಲಿ ಇವರನ್ನು ನೆನೆದ ನಾಡು ಇವರ ಹಸಿವನ್ನೂ ರೋಗವನ್ನೂ ನೆನೆದದ್ದು ಬಹಳ ತಡವಾಗಿ. ಆ ನೆನಪು ಹೇಗೆ ಕಾರ್ಯರೂಪಕ್ಕೆ ಬಂದಿತೆಂಬುದನ್ನು ತಿಳಿಯುವುದು ಸೇವಾಸಕ್ತರಿಗೆಲ್ಲ ಉಪಯುಕ್ತವಾದುದು.

ಸೋಲಿಗರು ಕಾಡಿನ ಒಂದು ತುಂಡು ನೆಲವನ್ನು ಹಸನುಮಾಡಿ ರಾಗಿ ಮೊದಲಾದ ಧಾನ್ಯಗಳನ್ನು ಬೆಳೆದು, ಬಳಿಕ ಅದನ್ನು ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಗೆಡ್ಡೆಗೆಣಸು, ಜೇನು, ಸೊಪ್ಪುಗಳು ಅವರ ಆಹಾರಕ್ಕೆ ಒದಗುತ್ತಿದ್ದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಅಲೆಮಾರಿ ಬೇಸಾಯವೂ ಬೇಟೆಯೂ ನಿಂತವು. ಪ್ರಾಣಿಗಳಿಗೆ ಅಭಯ ದೊರೆತ ಅದೇ ಘಳಿಗೆಯಲ್ಲಿ ಮನುಷ್ಯರ ಬದುಕು ಅಲುಗಾಡಿತು. ಪೋಡುಗಳಲ್ಲಿ ನೆಲೆನಿಂತ ಜನರು ಕೂಲಿಯನ್ನು ನಂಬಬೇಕಾಯಿತು. ರೋಗ ಬಂದರೆ ಆನೆಗಳು ಓಡಾಡುವ ದಾರಿಯಲ್ಲಿ ಬಯಲಿನ ಊರಿಗೆ ನಡೆಯಬೇಕಾಗಿತ್ತು.

ಇಂಥ ಕಾಲದಲ್ಲಿ, 1980ರ ಸುಮಾರಿಗೆ, ಬೆಟ್ಟಕ್ಕೆ ಬಂದವರು ವೈದ್ಯರಾದ ಡಾ. ಎಚ್. ಸುದರ್ಶನ್. ಬಾಲ್ಯದಲ್ಲಿ ತಮ್ಮ ಹಳ್ಳಿಯಲ್ಲಿ ತಂದೆಯವರು ವೈದ್ಯಕೀಯ ನೆರವಿಲ್ಲದೆ ತೀರಿಕೊಂಡುದನ್ನು ಕಂಡವರು ಅವರು. ಬೆಂಗಳೂರಿನಲ್ಲಿ ವೈದ್ಯಶಿಕ್ಷಣ ಪಡೆದು, ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದ್ದರು. ಅವರು ರೋಗಿಗಾಗಿ ಕಾಯುತ್ತ ಕುಳಿತುಕೊಳ್ಳದೆ, ಔಷಧಿಯ ಚೀಲವನ್ನು ಹೊತ್ತು ಪೋಡಿನಿಂದ ಪೋಡಿಗೆ ನಡೆದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸ್ಥಾಪಿತವಾಯಿತು.

ಈ ಕಾರ್ಯದಲ್ಲಿ ಗಮನಾರ್ಹವಾದುದು ಕಲಿಸಲು ಬಂದವರು ಕಲಿಯಲೂ ಸಿದ್ಧರಾಗಿದ್ದುದು. ಸೋಲಿಗ ಸ್ತ್ರೀಯರು ಕುಕ್ಕರಗಾಲಿನಲ್ಲಿ ಕುಳಿತು ಹೆರುವ ವಾಡಿಕೆಯುಳ್ಳವರು. ಕೇಂದ್ರವು ಅದನ್ನು ಅಜ್ಞಾನವೆಂದು ಬಿಡಿಸಲಿಲ್ಲ. ಅದಕ್ಕೆ ಶುಚಿತ್ವವನ್ನೂ ತರಬೇತಿಯನ್ನೂ ಜೋಡಿಸಿತು. ಗಿಡಮೂಲಿಕೆಯ ತಿಳಿವಳಿಕೆಗೆ ಮನ್ನಣೆ ದೊರೆಯಿತು. ಗಿರಿಜನ ಹೆಣ್ಣುಮಕ್ಕಳೇ ದಾದಿಯರ ತರಬೇತಿ ಪಡೆದರು. ಸೋಲಿಗರಲ್ಲಿ ಕಂಡುಬಂದ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆಯತ್ತಲೂ ಗಮನ ಹರಿಯಿತು. ಹಸಿವು, ಸಾಲ, ಅನಕ್ಷರತೆಗಳಿಂದ ಹುಟ್ಟಿದ ರೋಗವನ್ನು ಗುಳಿಗೆಯೊಂದೇ ಗುಣಪಡಿಸದೆಂಬ ಅರಿವಿನಿಂದ ಶಾಲೆ, ಕಸುಬಿನ ತರಬೇತಿ, ಸೋಲಿಗರದೇ ಸಂಘಗಳು ಒಂದರ ಹಿಂದೊಂದು ಬಂದವು.

ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಆಗ ಕುಷ್ಠರೋಗದ ಹಾವಳಿ ಹೆಚ್ಚಾಗಿತ್ತು. ಜನರು ಅದನ್ನು ‘ದೊಡ್ಡರೋಗ’ವೆಂದು ಹೆದರಿ, ಪಾಪದ ಫಲವೆಂದು ಬಗೆದು, ಮರೆಮಾಡುತ್ತಿದ್ದರು. ಮರೆಮಾಡಿದಷ್ಟೂ ಅಂಗವೈಕಲ್ಯ ಹೆಚ್ಚುತ್ತಿತ್ತು. 1986ರಲ್ಲಿ ಇದಕ್ಕಾಗಿಯೇ ಕರುಣಾ ಟ್ರಸ್ಟ್ ಜನ್ಮತಾಳಿತು. ಡ್ಯಾಪ್ಸೋನ್ ಒಂದನ್ನೇ ವರ್ಷಾನುಗಟ್ಟಲೆ ಕೊಡುವ ಪದ್ಧತಿಗೆ ಬದಲಾಗಿ, ಅದರೊಡನೆ ರಿಫಾಂಪಿಸಿನ್, ಕ್ಲೋಫಾಜಿಮೈನ್‌ಗಳನ್ನು ಸೇರಿಸುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಆ ದಶಕದ ಆರಂಭದಲ್ಲಿ ಶಿಫಾರಸು ಮಾಡಿತ್ತು. ಗುಣವಾಗುವ ದಾರಿ ತೆರೆದಿದ್ದರೂ, ರೋಗಿಯು ಮರೆಯಿಂದ ಹೊರಬರಬೇಕಾಗಿತ್ತು. ಮನೆಮನೆಗೆ ಹೋಗಿ ಮಾತನಾಡಿದ ಕಾರ್ಯಕರ್ತರ ಶ್ರಮದಿಂದ ತಾಲ್ಲೂಕಿನಲ್ಲಿ ರೋಗವು ಇಳಿಮುಖವಾಯಿತು.

ಮೂರ್ಛೆರೋಗದ ಬಗೆಗೂ ಇದೇ ತಾಲ್ಲೂಕಿನಲ್ಲಿ ಕೆಲಸ ನಡೆಯಿತು. ಅಲ್ಪ ಬೆಲೆಯ ಫಿನೊಬಾರ್ಬಿಟೋನ್, ಫೆನಿಟಾಯಿನ್ ಔಷಧಿಗಳಿಂದಲೇ ಹಳ್ಳಿಯ ರೋಗಿಗಳನ್ನು ನೋಡಿಕೊಳ್ಳಬಹುದೆಂಬುದನ್ನು ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರ ಅಧ್ಯಯನವು ತೋರಿಸಿತು. ಅದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದಾಗ ಯಳಂದೂರಿನ ಹೆಸರು ವಿದ್ವಲ್ಲೋಕಕ್ಕೆ ಪರಿಚಿತವಾಯಿತು.

1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಟ್ರಸ್ಟ್ ವಹಿಸಿಕೊಂಡಿತು. ಮುಂದೆ ಅರುಣಾಚಲ ಪ್ರದೇಶದಂಥ ದೂರದ ರಾಜ್ಯಗಳಲ್ಲಿಯೂ ಈ ಪ್ರಯೋಗ ನಡೆಯಿತು. ಇಲ್ಲಿ ಒಂದು ಗಂಭೀರ ಪ್ರಶ್ನೆಯೇಳುತ್ತದೆ. ಸರ್ಕಾರದ ಕರ್ತವ್ಯವನ್ನು ದಾನಸಂಸ್ಥೆಗಳು ಹೊತ್ತುಕೊಂಡರೆ, ಬಡವನಿಗೆ ಹಕ್ಕಾಗಿ ಬರಬೇಕಾದುದು ಕೃಪೆಯಾಗಿ ಮಾರ್ಪಡುವುದಿಲ್ಲವೆ? ಸಂಸ್ಥೆ ಹಿಂದೆ ಸರಿದ ದಿನ ಅವನ ಗತಿಯೇನು? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ವ್ಯವಸ್ಥೆಯನ್ನೇ ಸರಿಪಡಿಸಬೇಕೆಂಬ ದೃಷ್ಟಿಯಿಂದ ರಾಜ್ಯ ಸರ್ಕಾರವು 1999ರಲ್ಲಿ ಆರೋಗ್ಯ ಕಾರ್ಯಪಡೆಯೊಂದನ್ನು ರಚಿಸಿದಾಗ ಅದರ ಅಧ್ಯಕ್ಷತೆಯನ್ನು ಡಾ. ಸುದರ್ಶನ್ ಅವರೇ ವಹಿಸಿದರು; 2001ರಲ್ಲಿ ಅದರ ವರದಿ ಸಲ್ಲಿಕೆಯಾಯಿತು.

ಡಾ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ದೊರೆತವು. ಆದರೆ ಈ ಚರಿತ್ರೆಯ ಮಹತ್ವದ ಘಟ್ಟ 2011ನೆಯ ಇಸವಿ. ಆ ವರ್ಷ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಂತೆ, ಸೋಲಿಗರ ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅದನ್ನು ಕೇಳಿ ಪಡೆದವರಲ್ಲಿ ಓದುಬರಹ ಕಲಿತ ಸೋಲಿಗರಿದ್ದರು, ಅವರದೇ ಸಂಘವಿತ್ತು.

ಹಿಂದೆ ಔಷಧಿಗಾಗಿ ಕೈಯೊಡ್ಡಿದ ಜನರು ಈಗ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ನಿಂತರು. ಎಷ್ಟು ಜನರಿಗೆ ಔಷಧಿ ಕೊಟ್ಟೆವೆಂಬ ಲೆಕ್ಕ ಸೇವಾಸಂಸ್ಥೆಗೆ ಬೇಕು, ನಿಜ. ಪಡೆದವರಲ್ಲಿ ಎಷ್ಟು ಮಂದಿ ತಲೆಯೆತ್ತಿ ನಿಂತರೆಂಬ ಲೆಕ್ಕ ಅದಕ್ಕಿಂತ ಹಿರಿದು. ಊರೂರಿನಲ್ಲಿ ಆರೋಗ್ಯ ಶಿಬಿರ, ಉಚಿತ ಚಿಕಿತ್ಸೆಗಳನ್ನು ನಡೆಸುತ್ತಿರುವ ಸೇವಾಸಕ್ತರೆಲ್ಲರೂ ತಮ್ಮ ಕಾರ್ಯವನ್ನು ಈ ಅಳತೆಗೋಲಿನಿಂದ ಅಳೆದು ನೋಡಿಕೊಳ್ಳುವುದು ಶ್ರೇಯಸ್ಕರ.