ಏರಿ ಇಳಿಯುವ ಸಂಖ್ಯೆ

ವಾಚಕರೇ, ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಳ್ಳಿ. ೨೭೯೯೪೬೮೧ ಎಂದು ಬರೆದು ಅದನ್ನು ೪೪೧ರಿಂದ ಗುಣಿಸಿ. ಗುಣ್ಯದಲ್ಲಾಗಲಿ ಗುಣಕದಲ್ಲಾಗಲಿ ಯಾವ ಚೆಲುವೂ ಕಾಣದು. ಆದರೆ ಲೆಕ್ಕ ತಪ್ಪದಿದ್ದರೆ ದೊರೆಯುವ ಲಬ್ಧ ೧೨೩೪೫೬೫೪೩೨೧. ಸಾವಿರದ ಇನ್ನೂರು ಕೋಟಿಗೂ ಮೀರಿದ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಈ ಲೆಕ್ಕವಿದೆ. ಗ್ರಂಥಾರಂಭದಲ್ಲಿ ಆಚಾರ್ಯನು ಆ ಅರಸನನ್ನು ಸ್ತುತಿಸಿದ್ದಾನೆ. ನಮ್ಮ 'ಕವಿರಾಜಮಾರ್ಗ' ಹುಟ್ಟಿದುದೂ ಅದೇ ಅರಸನ ಆಶ್ರಯದಲ್ಲಿ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಈ ಗಣಿತಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು.

ಆಚಾರ್ಯನು ಈ ಸಂಖ್ಯೆಯನ್ನು ಕೋಟಿ, ಲಕ್ಷ ಎಂದು ಎಣಿಸಿ ಹೇಳುವುದಿಲ್ಲ. ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂದು ಅದರ ಆಕಾರವನ್ನಷ್ಟೇ ಸೂಚಿಸುತ್ತಾನೆ. ಅಂಕಕ್ಕೆ ಸ್ಥಾನದಿಂದ ಬೆಲೆ ಬರುವ ಪದ್ಧತಿ ಬೇರೂರಿದ್ದ ನಾಡಿನಲ್ಲಿ ಮಾತ್ರ ಇಂಥ ಮಾತು ಓದುಗನಿಗೆ ಅರ್ಥವಾದೀತು. ಇಂಥವು ಅಲ್ಲಿ ಇನ್ನೂ ಇವೆ: ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧, ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಇಂಥ ಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ.

ನಾನು ಕನ್ನಡ ಪಾಠ ಹೇಳುವವನು. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಗತಪ್ರತ್ಯಾಗತ ಪದ್ಯಗಳನ್ನು ಕಲಿಸುವಾಗ ಈ ಸಂಖ್ಯೆಯನ್ನೂ ಹಲಗೆಯ ಮೇಲೆ ಬರೆಯುತ್ತಿದ್ದೆ. ಇದು ೧೧೧೧೧೧ರ ವರ್ಗವೆಂದೂ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ, "ಹತ್ತು ಒಂದುಗಳಿಗೂ ಹೀಗೆಯೇ ಆಗುತ್ತದೆಯೇ, ಮೇಷ್ಟ್ರೇ?" ಎಂದು ಕೇಳಿದಳು. "ಆಗದೆ ಏನು!" ಎಂದುಬಿಟ್ಟೆ. ಮರುದಿನ ಅವಳು ಲೆಕ್ಕ ಮಾಡಿ ತಂದಳು. ನನ್ನ ಮಾತು ತಪ್ಪಾಗಿತ್ತು.

ಕಾರಣ ಸುಲಭ. ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಒಂದೊಂದು ಸ್ಥಾನ ಸರಿಸಿ ಆರು ಬಾರಿ ಬರೆಯುತ್ತೇವೆ. ಅಂಚಿನ ಕಂಬಸಾಲಿನಲ್ಲಿ ಒಂದೇ ಒಂದು, ನಡುವೆ ಆರು ಒಂದುಗಳು. ಕೂಡಿದರೆ ಏರಿಳಿತ ತಾನಾಗಿ ಬರುತ್ತದೆ. ಒಂಬತ್ತು ಒಂದುಗಳವರೆಗೂ ಹೀಗೆಯೇ: ೧೨೩೪೫೬೭೮೯೮೭೬೫೪೩೨೧. ಹತ್ತಾದರೆ ನಡುವಿನ ಮೊತ್ತ ಹತ್ತಾಗಿ ದಶಕ ಎಡಕ್ಕೆ ಸಾಗುತ್ತದೆ. ೧೨೩೪೫೬೭೯೦೦೯೮೭೬೫೪೩೨೧ ಎಂದಾಗಿ ಹಾರ ಹರಿಯುತ್ತದೆ.

ಇನ್ನು ೪೪೧ ಎಲ್ಲಿಂದ ಬಂತು? ೩, ೭, ೧೧, ೧೩, ೩೭ ಇವುಗಳ ಗುಣಲಬ್ಧವೇ ೧೧೧೧೧೧. ಮೂರೇಳಲ ಇಪ್ಪತ್ತೊಂದು, ಅದರ ವರ್ಗ ೪೪೧. ಉಳಿದ ಮೂರರ ಗುಣಲಬ್ಧ ೫೨೯೧. ಅದರ ವರ್ಗ ೨೭೯೯೪೬೮೧. ಹಾರವನ್ನು ಹೀಗೆ ಎರಡು ತುಂಡು ಮಾಡಿ ಶಿಷ್ಯನ ಕೈಗಿಟ್ಟರೆ, ಅದನ್ನು ಕೂಡಿಸುವ ಸಂತೋಷ ಅವನದು.

ಈಗ ನಾನು ಹಲಗೆಯ ಮೇಲೆ ಸಂಖ್ಯೆಯನ್ನು ಬರೆದು ಸುಮ್ಮನಾಗುತ್ತೇನೆ. "ಏಕೆ?" ಎಂದು ಮಕ್ಕಳು ಕೇಳುವವರೆಗೆ ಕಾಯುತ್ತೇನೆ. ನಿಮ್ಮ ಮನೆಯಲ್ಲಿಯೂ ಹಾಗೆ ಮಾಡಿ ನೋಡಿ.