ಗುರುಗೃಹದಿಂದ ವಿಶ್ವವಿದ್ಯಾಲಯಕ್ಕೆ

ಮಲಪ್ರಭೆಯ ದಂಡೆಯ ಮುನವಳ್ಳಿಯಿಂದ ಸಂಗೀತದಲ್ಲಿ ಎಂ.ಎ. ಮಾಡಹೊರಟವರಿಗೆ ಇಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಹಿಂದೆ ಈ ಸೀಮೆಯಲ್ಲಿ ಗುರುವಿನ ಮನೆಯೇ ವಿದ್ಯಾಪೀಠ. 1913ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ಶಾಲೆ ಐದನೆಯ ಇಯತ್ತೆಗೇ ಮುಗಿಯಿತು. ಮುಂದೆ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಹೇಳಿಕೊಟ್ಟದ್ದು ಕಂಠದಲ್ಲಿ ನೆಲೆಗೊಳ್ಳದೆ ಮುಂದಿನ ಪಾಠವಿರಲಿಲ್ಲ. ಅಂಥವರನ್ನೇ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಪ್ರಾಧ್ಯಾಪಕರನ್ನಾಗಿ ಬರಮಾಡಿಕೊಂಡಿತು; 2008ರಲ್ಲಿ ಸ್ಥಾಪಿತವಾದ ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಅವರ ಹೆಸರನ್ನೇ ಹೊತ್ತಿದೆ.

ಗುರುಗೃಹದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವಿಶ್ವವಿದ್ಯಾಲಯ ಅದನ್ನು ತೆರೆದದ್ದು ದೊಡ್ಡ ಉಪಕಾರ. ಆದರೆ ಪರೀಕ್ಷೆಗೆ ಗೊತ್ತಾದ ದಿನವುಂಟು. ಸ್ವರ ಪಕ್ವವಾಗುವುದಕ್ಕೆ ಅಂಥ ದಿನವಿಲ್ಲ. ಪದವಿಯೊಡನೆ ಕುಂದಗೋಳದ ತಾಳ್ಮೆಯೂ ಬಂದರೆ ಮಾತ್ರ ವಿದ್ಯೆ ಉಳಿದೀತು. ಇಲ್ಲವಾದರೆ ಕೈಯಲ್ಲಿ ಪ್ರಮಾಣಪತ್ರವಿದ್ದೀತು, ಕಂಠದಲ್ಲಿ ರಾಗವಿರದು.