ಬಳ್ಳಾರಿ ಸೀಮೆಯ ಹಳೆಯ ಮಠಗಳಲ್ಲಿ ಬಾಲಕರ ನೆನಪು ಮತ್ತು ತಿಳಿವಳಿಕೆ

ಮಕ್ಕಳ ಬುದ್ಧಿಯು ವಯಸ್ಸಿನೊಡನೆ ಬೆಳೆಯುವ ಬಗೆಯನ್ನು ವಿಚಾರಿಸುವುದು ಮನಶ್ಶಾಸ್ತ್ರಜ್ಞರ ಕಾರ್ಯವೆಂದೂ ಇತಿಹಾಸದ ಅಭ್ಯಾಸಿಗೆ ಅಲ್ಲಿ ಕೆಲಸವಿಲ್ಲವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಆ ಶಾಸ್ತ್ರವು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಐದು ವರ್ಷದ ಕೂಸನ್ನು ಎದುರಿಗೆ ಕುಳ್ಳಿರಿಸಿಕೊಂಡು ಅಕ್ಷರ ತಿದ್ದಿಸುವ ಹೊಣೆ ಹೊತ್ತವರು ನಮ್ಮ ಹಳ್ಳಿಗಳಲ್ಲಿದ್ದರು. ಮಗುವಿನ ಗಮನವನ್ನು ಹಿಡಿದು ನಿಲ್ಲಿಸುವುದು ಹೇಗೆ, ಯಾವುದನ್ನು ಮೊದಲು ಬಾಯಿಪಾಠ ಮಾಡಿಸಬೇಕು, ಯಾವುದರ ಅರ್ಥವನ್ನು ಮುಂದಕ್ಕೆ ಬಿಡಬಹುದು ಎಂಬ ವಿಷಯಗಳಲ್ಲಿ ಅವರಿಗೂ ಖಚಿತವಾದ ಅಭಿಪ್ರಾಯಗಳಿದ್ದುವು. ಅವರು ಗ್ರಂಥಗಳನ್ನು ಬರೆಯಲಿಲ್ಲ. ಆ ಅಭಿಪ್ರಾಯಗಳನ್ನು ಅವರ ಶಾಲೆಯ ದಿನಚರಿಯಿಂದಲೇ ನಾವು ಹೊರತೆಗೆಯಬೇಕಾಗಿದೆ.

ಅಂಥ ದಿನಚರಿಯ ತುಂಬಿದ ಚಿತ್ರವೊಂದು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು ೧೮೨೩ರ ಆಗಸ್ಟ್ ೧೭ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯಲ್ಲಿ ಉಳಿದುಬಂದಿದೆ. ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಆಜ್ಞಾಪಿಸಿದ ವಿಚಾರಣೆಗೆ ಬಂದ ಉತ್ತರಗಳಲ್ಲಿ ಇದೂ ಒಂದು. ಹಲವು ಕಲೆಕ್ಟರರು ಕೋಷ್ಟಕಗಳನ್ನು ತುಂಬಿ ಕೈತೊಳೆದುಕೊಂಡರು. ೧೮೧೬ರಲ್ಲಿಯೇ ತೆಲುಗು ವ್ಯಾಕರಣವನ್ನು ಪ್ರಕಟಿಸಿದ್ದ ಕ್ಯಾಂಪ್‌ಬೆಲ್ಲನು ಮಾತ್ರ ಶಾಲೆಯ ಒಳಗಿನದನ್ನು ಬರೆದನು. ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಅನಂತಪುರದ ಸೀಮೆಯು ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತೆಂಬುದನ್ನು ನೆನೆದರೆ ಈ ಸರಿಸಾಟಿಯು ಆಶ್ಚರ್ಯವೆನಿಸದು.

ಈ ವರದಿಯು ಇತಿಹಾಸಕಾರರಿಗೆ ಹೊಸದಲ್ಲ. ೧೯೮೩ರಲ್ಲಿ ಧರ್ಮಪಾಲರು ಮನ್ರೋನ ವಿಚಾರಣೆಯ ಕಾಗದಗಳನ್ನು ಪ್ರಕಟಿಸಿದಂದಿನಿಂದ ಅದರ ಅಂಕಿಗಳು ಎಲ್ಲೆಡೆ ಉದ್ಧೃತವಾಗಿವೆ. ಆದರೆ ಚರ್ಚೆಯೆಲ್ಲವೂ ಶಾಲೆಗಳು ಎಷ್ಟಿದ್ದುವೆಂಬುದರ ಸುತ್ತಲೇ ನಡೆದಿದೆ. ಆ ಶಾಲೆಗಳಲ್ಲಿ ಕುಳಿತ ಹುಡುಗನ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕ್ಯಾಂಪ್‌ಬೆಲ್ಲನು ಅದಕ್ಕೆ ತನ್ನದೇ ಉತ್ತರವನ್ನು ಕೊಟ್ಟಿದ್ದಾನೆ: ಹುಡುಗರು ಪದ್ಯಗಳನ್ನು ರಾಶಿರಾಶಿಯಾಗಿ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ. ಈ ಗಿಳಿಪಾಠದ ಆಪಾದನೆಯು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದೇ ಇಲ್ಲಿಯ ವಿಚಾರ.

ಮಗುವಿಗೆ ಐದು ವರ್ಷವಾದಾಗ ಉಪಾಧ್ಯಾಯನನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆಯುತ್ತಿದ್ದರು. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕುಳಿತಿರಲು, ಮಗುವಿನ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸಲಾಗುತ್ತಿತ್ತು. ಮರುದಿನದಿಂದ ಮರಳಿನ ಮೇಲೆ ಬೆರಳಿನಿಂದ ಅಕ್ಷರಾಭ್ಯಾಸ. ಯೂರೋಪಿನಂತೆ ಇಲ್ಲಿ ಅಕ್ಷರಮಾಲೆಯನ್ನು ಬಾಯಲ್ಲಿ ಹೇಳಿಸಿ ಕಲಿಸುವುದಿಲ್ಲ, ಬರೆಯಿಸಿಯೇ ಕಲಿಸುತ್ತಾರೆ ಎಂದು ಕ್ಯಾಂಪ್‌ಬೆಲ್ಲನು ಸ್ಪಷ್ಟವಾಗಿ ಹೇಳುತ್ತಾನೆ. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಅನ್ನದ ಲೇಪ ಮತ್ತು ಇದ್ದಿಲಿನ ಪುಡಿಯಿಂದ ಕಪ್ಪಾದ ಹಲಗೆ. ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಚಿ, ಇದ್ದಿಲು ಗೋಂದುಗಳನ್ನು ಬಳಿದ ಬಟ್ಟೆಯ ಕಡತ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸಬಹುದಾಗಿತ್ತು. ಬಳಿಕ ಕಾಗುಣಿತ, ಒತ್ತಕ್ಷರ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಕೊನೆಗೆ ಅಂಕಿಗಳು.

ಈ ಕ್ರಮವನ್ನು ಸ್ವಲ್ಪ ನಿಂತು ನೋಡಬೇಕು. ಮೊದಲು ಕೈ, ಆಮೇಲೆ ಕಣ್ಣು ಮತ್ತು ಬಾಯಿ. ಅಕ್ಷರಗಳಾದ ಮೇಲೆ ಬರುವ ಶಬ್ದಗಳೂ ಮಗುವು ನಿತ್ಯ ಕಾಣುವ, ಕೇಳುವ ವಸ್ತುಗಳ ಹೆಸರುಗಳೇ. ಅರ್ಥವಿಲ್ಲದ ಬಾಯಿಪಾಠವೇ ಈ ಶಾಲೆಗಳ ಸರ್ವಸ್ವವಾಗಿದ್ದಿತೆಂಬ ಭಾವನೆಗೆ ವರದಿಯಲ್ಲಿಯೇ ಪ್ರತಿಸಾಕ್ಷ್ಯವಿದೆ. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಒಂದರಿಂದ ಇನ್ನೊಂದಕ್ಕೆ ಏರಿಸುತ್ತಿದ್ದುದು ಹುಡುಗನ ಶಕ್ತಿಯನ್ನು ಮತ್ತು ಪ್ರಗತಿಯನ್ನು ನೋಡಿ. ಕೆಳಗಿನ ತರಗತಿಗಳನ್ನು ಮುಂದುವರಿದ ಹುಡುಗರೇ ನೋಡಿಕೊಳ್ಳುತ್ತಿದ್ದರು. ಇದೇ ಪದ್ಧತಿಯನ್ನು ಆಂಡ್ರೂ ಬೆಲ್ಲನು ಮದರಾಸಿನ ಅನಾಥಾಲಯದಲ್ಲಿ ಪ್ರಯೋಗಿಸಿ ೧೭೯೭ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಕಥೆ ಪ್ರಸಿದ್ಧವಾಗಿರುವುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ನೆನಪಿನ ಕೆಲಸವು ಲೆಕ್ಕದಲ್ಲಿ ಅತ್ಯಂತ ಕಠಿನವಾಗಿತ್ತು. ನಮ್ಮ ಭಿನ್ನಾಂಕಗಳು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದುವು: ಒಂದರ ನಾಲ್ಕನೆಯ ಒಂದು ಭಾಗ ಕಾಲು, ಹದಿನಾರನೆಯ ಒಂದು ಭಾಗ ವೀಸ, ಅರುವತ್ತನಾಲ್ಕನೆಯ ಒಂದು ಭಾಗ ಕಾಣಿ. ಇವನ್ನೂ ಕೂಡುವ ಮತ್ತು ಗುಣಿಸುವ ಮಗ್ಗಿಗಳನ್ನೂ ಅಳತೆ ತೂಕಗಳನ್ನೂ ಹುಡುಗರು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬನು ಹೇಳಿಕೊಟ್ಟಂತೆ ಒಕ್ಕೊರಲಿನಿಂದ ಹೇಳುತ್ತಿದ್ದರು. ಈ ಲೇಖಕನ ಅಜ್ಜನವರು ನಾಲ್ಕನೆಯ ತರಗತಿಗೆ ಓದು ಬಿಟ್ಟವರು. ಎಂಬತ್ತು ದಾಟಿದ ಮೇಲೂ ಕಾಲುಮಗ್ಗಿಯನ್ನು ತಡೆಯಿಲ್ಲದೆ ಹೇಳುತ್ತಿದ್ದರು. ನಡುವೆ ಯಾರಾದರೂ ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಹಿಡಿಯಬೇಕಾಗುತ್ತಿತ್ತು.

ಗಮನವನ್ನು ಕಾಯ್ದುಕೊಳ್ಳಲು ಮಾತ್ರ ಉಪಾಧ್ಯಾಯರು ಹೆಚ್ಚಾಗಿ ಭಯವನ್ನೇ ನಂಬಿದ್ದರು. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುವುದು. ಸೋಮಾರಿಗೆ ಛಡಿಯೇಟು, ತೊಲೆಗೆ ಕೈಕಟ್ಟಿ ತೂಗುಹಾಕುವುದು, ಬಿಡುವಿಲ್ಲದೆ ಬಸ್ಕಿ. ಹಳೆಯ ಶಾಲೆಗಳನ್ನು ಹೊಗಳುವ ಉತ್ಸಾಹದಲ್ಲಿ ಈ ಸಾಲುಗಳನ್ನು ದಾಟಿಹೋಗುವುದು ನ್ಯಾಯವಲ್ಲ.

ಇನ್ನು ನವೀನ ಶಾಸ್ತ್ರದ ಮಾತು. ೧೮೮೫ರಲ್ಲಿ ಎಬ್ಬಿಂಗ್‌ಹೌಸನು ನೆನಪನ್ನು ಅಳೆದದ್ದು ತನ್ನ ಮೇಲೆಯೇ, ಅದೂ ಅರ್ಥಹೀನ ಉಚ್ಚಾರಾಂಶಗಳಿಂದ. ಮಗುವಿನ ವಯಸ್ಸಿಗೂ ಬುದ್ಧಿಯ ಕೆಲಸಕ್ಕೂ ಇರುವ ಸಂಬಂಧವನ್ನು ಶ್ರೇಣಿಯಾಗಿ ಜೋಡಿಸಿದ್ದು ಬಿನೆಯ ೧೯೦೮ರ ಪರೀಕ್ಷೆಗಳು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಆ ಪರೀಕ್ಷೆಗಳನ್ನು ಪರಿಷ್ಕರಿಸಿ ವಿ. ವಿ. ಕಾಮತರು ೧೯೩೪ರಲ್ಲಿ ಪ್ರಕಟಿಸಿದ ಲೇಖನವು ನಮ್ಮ ಕಡೆಯ ಈ ಬಗೆಯ ಮೊದಮೊದಲ ಕೆಲಸಗಳಲ್ಲೊಂದು. ಆದರೆ ನಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ೧೯೬೬ರಲ್ಲಿ ಅಮೆರಿಕದ ಫ್ಲೇವೆಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಚಿತ್ರಗಳ ಅನುಕ್ರಮವನ್ನು ನೆನಪಿಡಬೇಕಾದಾಗ ಮಕ್ಕಳು ತಮ್ಮಷ್ಟಕ್ಕೆ ಹೆಸರುಗಳನ್ನು ಹೇಳಿಕೊಳ್ಳುವರೇ ಎಂದು ಅವರ ತುಟಿಗಳನ್ನು ಗಮನಿಸಲಾಯಿತು. ಐದು ವರ್ಷದ ಇಪ್ಪತ್ತು ಮಕ್ಕಳಲ್ಲಿ ೨, ಏಳು ವರ್ಷದವರಲ್ಲಿ ೧೨, ಹತ್ತು ವರ್ಷದವರಲ್ಲಿ ೧೭ ಮಂದಿ ಹಾಗೆ ಹೇಳಿಕೊಂಡರು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ, ಹೇಳಿಕೊಳ್ಳದ ಮಕ್ಕಳಿಗೆ ಹಾಗೆ ಹೇಳಿಕೊಳ್ಳಲು ಕಲಿಸಿದಾಗ ಅವರ ನೆನಪು ಉತ್ತಮಗೊಂಡಿತು; ಒತ್ತಾಯ ನಿಂತೊಡನೆ ಹಲವರು ಅದನ್ನು ಬಿಟ್ಟುಬಿಟ್ಟರು.

ಎಂದರೆ, ಎಳೆಯ ಮಗುವಿಗೆ ಕೊರತೆಯಾಗಿರುವುದು ನೆನಪಿಡುವ ಶಕ್ತಿಗಿಂತ ಹೆಚ್ಚಾಗಿ, ಆ ಶಕ್ತಿಯನ್ನು ತಾನೇ ನಡೆಸಿಕೊಳ್ಳುವ ಉಪಾಯ. ದಿನಕ್ಕೆ ಎರಡು ಸಲದ ಸಾಮೂಹಿಕ ಪಾಠವು ಆ ಉಪಾಯವನ್ನು ಹೊರಗಿನಿಂದ ಒದಗಿಸುತ್ತಿತ್ತು. ಮಠದ ಐಗಳು ಮನಶ್ಶಾಸ್ತ್ರಜ್ಞರಾಗಿದ್ದರೆಂದು ಇದರ ಅರ್ಥವಲ್ಲ. ತಲೆಮಾರುಗಳ ಅನುಭವದಿಂದ ಒಂದು ಉಪಾಯ ಅವರಿಗೆ ಕೈಗೂಡಿತ್ತು, ಅಷ್ಟೆ. ಅಲ್ಲದೆ ಹೀಗೆ ಬೆಳೆದ ನೆನಪು ಎಲ್ಲ ಕೆಲಸಕ್ಕೂ ಒದಗುತ್ತದೆಂದು ಹೇಳುವಂತಿಲ್ಲ. ಮೊರಾಕ್ಕೊ ದೇಶದಲ್ಲಿ ಕುರಾನನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ೧೯೭೮ರಲ್ಲಿ ವ್ಯಾಗ್ನರನು ಪ್ರಕಟಿಸಿದ ಫಲಿತಾಂಶದಲ್ಲಿ, ಬೇರೆ ವಸ್ತುಗಳನ್ನು ನೆನಪಿಡುವುದರಲ್ಲಿ ಅವರಿಗೆ ಅಂಥ ವಿಶೇಷ ಮೇಲ್ಮೆ ಕಂಡುಬರಲಿಲ್ಲ. ಪದ್ಯವನ್ನು ಹಿಡಿದಿಟ್ಟ ಮನಸ್ಸು ಪದ್ಯವನ್ನು ಹಿಡಿದಿಟ್ಟಿತು.

ಅರ್ಥದ ವಿಷಯದಲ್ಲಿ ಕ್ಯಾಂಪ್‌ಬೆಲ್ಲನ ದೂರು ಎರಡು ಬೇರೆ ಸಂಗತಿಗಳನ್ನು ಒಂದಾಗಿಸಿದೆಯೆಂದು ನಮಗೆ ತೋರುತ್ತದೆ. ರಾಮಾಯಣ, ಮಹಾಭಾರತ, ಭಾಗವತಗಳೂ ಲಿಂಗಧಾರಿಗಳ ಮಕ್ಕಳಿಗೆ ಬಸವಪುರಾಣ ಮುಂತಾದುವೂ ಪಾಠದ ಗ್ರಂಥಗಳು. ಇವುಗಳ ಕಾವ್ಯಭಾಷೆಯು ಮನೆಯಲ್ಲಾಡುವ ಮಾತಿನಿಂದ ಬಹು ದೂರದ್ದು. ಇಲ್ಲಿ ಅರ್ಥವಾಗದಿರುವುದಕ್ಕೆ ಕಾರಣ ಭಾಷೆ. ಹನ್ನೆರಡು ವರ್ಷದವನಿಗೂ ಅದು ತನ್ನಷ್ಟಕ್ಕೆ ತಿಳಿಯದು. ಕಾಣಿ ವೀಸಗಳ ಮಾತು ಬೇರೆ. ಪಿಯಾಜೆ ಮತ್ತು ಅವನ ಅನುಯಾಯಿಗಳ ಶೋಧನೆಗಳಂತೆ, ಭಾಗಗಳನ್ನು ಕೂಡಿಸಿ ಇಡಿಯನ್ನು ಪಡೆಯುವ, ಇಡಿಯನ್ನು ಮತ್ತೆ ಭಾಗಗಳಾಗಿ ಒಡೆಯುವ ವಿಚಾರವು ಮಗುವಿನಲ್ಲಿ ಸುಮಾರು ಏಳರಿಂದ ಹನ್ನೊಂದು ವರ್ಷಗಳ ನಡುವೆ ಬಲಿಯುತ್ತದೆ. ಆರನೆಯ ವರ್ಷದಲ್ಲಿ ಬರಿಯ ಧ್ವನಿಯಾಗಿ ಕಲಿತ ಮಗ್ಗಿಯು ಹತ್ತನೆಯ ವರ್ಷದಲ್ಲಿ ಅರ್ಥಕ್ಕೆ ಕಾದು ನಿಂತಿರುತ್ತದೆ. ಇತರರ ಕೈಬರಹದ ಕಾಗದಗಳನ್ನು ಓದುವುದು, ಕರಾರುಪತ್ರ ಬರೆಯುವುದು, ಕಥೆಗಳನ್ನು ಓದುವುದು ಮುಂತಾದ ಮೇಲಿನ ಅಭ್ಯಾಸಗಳಲ್ಲಿ ಆ ಸಂಗ್ರಹವು ಬಳಕೆಗೆ ಬರುತ್ತಿತ್ತು.

ಆದರೆ ಈ ಏರ್ಪಾಡು ಫಲಿಸಬೇಕಾದರೆ ಹುಡುಗನು ಶಾಲೆಯಲ್ಲಿ ಉಳಿದಿರಬೇಕು. ಮೊದಲು ನೆನಪು, ಅರ್ಥ ಆಮೇಲೆ ಎಂಬುದು ಕಾಲವುಳ್ಳವರ ಪದ್ಧತಿ. ಅನುಕೂಲಸ್ಥರ ಮಕ್ಕಳು ಹದಿನಾಲ್ಕು ಹದಿನೈದು ವರ್ಷ ಓದುತ್ತಿದ್ದುದೂ ಉಂಟೆಂದು ಕ್ಯಾಂಪ್‌ಬೆಲ್ಲನು ಬರೆದಿದ್ದಾನೆ. ಬಡವರು ಐದೇ ವರ್ಷಕ್ಕೆ ಬಿಡಿಸುತ್ತಿದ್ದರು. ಐದಕ್ಕೆ ಸೇರಿದವನು ಹತ್ತಕ್ಕೆ ಬಿಟ್ಟರೆ, ಕಲಿತದ್ದು ತಿಳಿಯತೊಡಗುವ ವಯಸ್ಸಿನಲ್ಲಿಯೇ ಅವನು ಹೊರಬಿದ್ದಂತಾಯಿತು. ಗಿಳಿಪಾಠವೆಂದು ವರದಿಯು ಕರೆದದ್ದರಲ್ಲಿ ಒಂದು ಪಾಲಾದರೂ ಹೀಗೆ ನಡುವೆ ಕಡಿದುಹೋದ ವಿದ್ಯೆಯೆಂದು ನಾವು ಭಾವಿಸುತ್ತೇವೆ. ಅದೇ ವರದಿಯ ಮುಂದಿನ ಭಾಗದಲ್ಲಿ ಕಲೆಕ್ಟರನು ಶಾಲೆಗಳು ಕ್ಷೀಣಿಸಿದ ಕಾರಣವನ್ನೂ ಮುಚ್ಚಿಡದೆ ತಿಳಿಸಿದ್ದಾನೆ: ದೇಶವು ಬಡವಾಗುತ್ತಿದೆ, ವಿಲಾಯತಿಯ ಬಟ್ಟೆ ಬಂದು ನೇಯ್ಗೆಯವರ ಆದಾಯ ಕುಗ್ಗಿದೆ, ೫೩೩ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ಆಶ್ರಯವಿಲ್ಲ. ೬,೬೪೧ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ೬೦. ಅವರು ಯಾವ ವಯಸ್ಸಿಗೆ ಬಂದು ಯಾವಾಗ ಬಿಟ್ಟರೆಂಬುದನ್ನು ಕೋಷ್ಟಕವು ಹೇಳುವುದಿಲ್ಲ.